ಐದನೇ ಟ್ರ್ಯಾಕಿನ ಮೌನ

ಸರೋಜಿನಿಯವರ ದನಿಯನ್ನು ಯಾರೋ ಅಳಿಸಿಹಾಕಿದ್ದಾರೆ ಎಂದು ಕರಬಸಪ್ಪ ಹೇಳಿದಾಗ ಶಾಂತವ್ವನವರು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು. ಒಲೆ ಆರಿಸಿ, ಕೈ ಒರೆಸಿಕೊಂಡು, ಅವರನ್ನು ಕೂರಿಸಿ, "ಮೊದಲಿಂದ ಹೇಳ್ರಿ," ಎಂದರು. ಒಲೆ ನಿಜಕ್ಕೂ ಆರಿದೆಯೇ ಎಂದು ನಾನು ಎದ್ದು ಹೋಗಿ ನೋಡಿ ಬಂದೆ.

ಅದು ೨೦೧೪ರ ಅಕ್ಟೋಬರ್, ಎರಡನೆಯ ಭಾನುವಾರ. ಶಾಂತವ್ವನವರು ಇಪ್ಪತ್ತೇಳು ವರ್ಷ ಗೈದರ್ಸ್‌ಬರ್ಗಿನ ಲ್ಯಾಬೊಂದರಲ್ಲಿ ರಕ್ತದ ಸ್ಲೈಡುಗಳನ್ನು ನೋಡಿ ನಿವೃತ್ತರಾದವರು. ನಮ್ಮ ಕಡೆಯವರ ಮನೆಗಳಲ್ಲಿ ಬಿಡಿಸಲಾಗದ್ದೇನಾದರೂ ನಡೆದರೆ ಜನ ಪೊಲೀಸರಿಗಿಂತ ಮೊದಲು ಅವರಲ್ಲಿಗೆ ಬರುತ್ತಿದ್ದರು. ಅವರು ಹೈವೇಯಲ್ಲಿ ಕಾರು ಓಡಿಸುತ್ತಿರಲಿಲ್ಲ. ಪಕ್ಕದ ಮನೆಯ ನಾನು, ನೀರಜಾ, ಓಡಿಸುತ್ತಿದ್ದೆ. ಹಾಗಾಗಿ ಅವರ ಪ್ರಕರಣಗಳೆಲ್ಲ ನನಗೆ ಗೊತ್ತು. ಇದೊಂದನ್ನು ಬರೆಯಲು ಮಾತ್ರ ಇಷ್ಟು ವರ್ಷ ಬೇಕಾಯಿತು.

ಕರಬಸಪ್ಪ, ದತ್ತಾತ್ರೇಯ, ಸರೋಜಿನಿ ಮೂವರೂ ಎಂಬತ್ತರ ದಶಕದಲ್ಲಿ ಊರು ಬಿಟ್ಟು ಈ ದೇಶಕ್ಕೆ ಓದಲು ಬಂದಿದ್ದಾಗ 'ಪ್ಲಾಸ್ಟಿಕ್ ಸಂಪಿಗೆ' ಎಂಬ ನ್ಯೂ ವೇವ್ ಬ್ಯಾಂಡ್ ಕಟ್ಟಿದ್ದರು. ಕರಬಸಪ್ಪನ ಗಿಟಾರ್, ದತ್ತಾತ್ರೇಯನ ಸಿಂಥಸೈಜರ್, ಅವೆರಡರ ಮೇಲೆ ಸರೋಜಿನಿಯವರ ತಣ್ಣನೆಯ ಕನ್ನಡ. ಮೂರು ಆಲ್ಬಮ್ ಬಂದಿದ್ದವು. ನಾಲ್ಕನೆಯದೇ ಕೊನೆಯದೆಂದು ಎಲ್ಲರಿಗೂ ಗೊತ್ತಿತ್ತು, ಏಕೆಂದರೆ ಸರೋಜಿನಿಯವರ ಗಂಟಲಿನಲ್ಲಿ ಕ್ಯಾನ್ಸರ್ ಇತ್ತು. ಆಗಸ್ಟ್ ಕೊನೆಗೆ ಅವರು ಕೊನೆಯ ಹಾಡನ್ನು ಹಾಡಿ ಮುಗಿಸಿದರು. ಒಂದು ಸಾಲು ಮಾತ್ರ ಮನಸ್ಸಿಗೆ ಬಂದಿರಲಿಲ್ಲ, ಅದನ್ನು ಮರುದಿನ ಅದೇ ಟ್ರ್ಯಾಕಿನ ಮೇಲೆ ಮತ್ತೆ ಹಾಡುತ್ತೇನೆಂದಿದ್ದರು. ಅಷ್ಟರಲ್ಲಿ ಆಸ್ಪತ್ರೆಯವರು ಆಪರೇಷನ್ನಿಗೆ ಗೊತ್ತಾದ ದಿನಕ್ಕಿಂತ ಮುಂಚೆಯೇ ಕರೆದರು. ಸೆಪ್ಟೆಂಬರಿನಲ್ಲಿ ಅವರ ಧ್ವನಿಪೆಟ್ಟಿಗೆಯನ್ನೇ ತೆಗೆದರು.

ಹಾಡು ಇದ್ದದ್ದು ಸೆಂಟರ್‌ವಿಲ್‌ನ ಅವರ ಮನೆಯ ಬೇಸ್‌ಮೆಂಟಿನಲ್ಲಿ, ಅಗಲವಾದ ಹಳೆಯ ಟೇಪಿನಲ್ಲಿ. ಅದರಲ್ಲಿ ಎಂಟು ಟ್ರ್ಯಾಕುಗಳು ಅಕ್ಕಪಕ್ಕ ಓಡುತ್ತವೆ, ಐದನೆಯದು ಸರೋಜಿನಿಯವರದು. ಆಲ್ಬಮ್ ಮುಗಿಯುವವರೆಗೆ ನಕಲು ಮಾಡಬಾರದೆಂಬುದು ಬ್ಯಾಂಡಿನ ಮೂವತ್ತು ವರ್ಷದ ಹಟ. ಆಪರೇಷನ್ ಆದ ಮೇಲೆ ಮೊದಲ ಸಲ, ಹಿಂದಿನ ದಿನ ಶನಿವಾರ, ಕರಬಸಪ್ಪ ಡಬ್ಬಿ ತೆರೆದು ಟೇಪ್ ಹಾಕಿದ್ದರು. ಎರಡನೆಯ ಚರಣದ ನಡುವೆ ದನಿ ನಿಂತುಹೋಗಿತ್ತು.

"ದತ್ತಾನೇ ಮಾಡಿದ್ದು," ಎಂದರು ಕರಬಸಪ್ಪ. "ಆ ಸಾಲು ಫ್ಲಾಟ್ ಆಗಿದೆ, ಶ್ರುತಿ ಇಳಿದಿದೆ, ದನಿ ತೆಗೆದು ಸಿಂಥ್ ಹಾಕೋಣ ಅಂತ ಜಗಳ ತೆಗೆದಿದ್ದ. ಗುರುವಾರ ಅಟ್ಲಾಂಟಾದಿಂದ ಬಂದು ಕೀಬೋರ್ಡ್ ತಗೊಂಡು ಹೋಗಿದಾನೆ. ಕೀಲಿ ಅವನ ಹತ್ರಾನೂ ಇದೆ. ಆಗ ಮನೇಲಿ ಯಾರೂ ಇರಲಿಲ್ಲ, ಸರೋಜಿನಿಯನ್ನ ಗಂಡ ಮೋನಪ್ಪ ಚೆಕಪ್‌ಗೆ ಕರಕೊಂಡು ಹೋಗಿದ್ದ. ಸರೋಜಿನಿಗೆ ಇನ್ನೂ ಹೇಳಿಲ್ಲ. ಹೇಳಿದ್ರೆ ಆಲ್ಬಮ್ಮೂ ಬೇಡ, ನೀವೂ ಬೇಡ ಅಂತಾಳೆ. ಅವಳದ್ದು ಅಂತ ಇನ್ನೇನೂ ಉಳಿದಿಲ್ಲ, ಶಾಂತವ್ವ."

ದತ್ತಾತ್ರೇಯನಿಗೆ ಫೋನಿನಲ್ಲಿ ಬೈದಾಗಿತ್ತು. ಇನ್ನು ಆ ಮನೆ ಮೆಟ್ಟಿಲು ಹತ್ತುವುದಿಲ್ಲವೆಂದು ಆತ ಫೋನ್ ಇಟ್ಟಿದ್ದನಂತೆ.

ಮರುದಿನ ನಾವಿಬ್ಬರೂ ಕರಬಸಪ್ಪನ ಜೊತೆ ಸೆಂಟರ್‌ವಿಲ್‌ಗೆ ಹೋದೆವು. ಬಾಗಿಲು ತೆರೆದವರು ಸರೋಜಿನಿಯವರ ಗಂಡ ಮೋನಪ್ಪ. ನನಗೆ ಅವರ ಪರಿಚಯ ಹಳೆಯದು. ತೊಂಬತ್ತರ ದಶಕದಲ್ಲಿ ಅವರ ಇಂಡಿಯನ್ ಗ್ರೋಸರಿ ಅಂಗಡಿಯಿಂದ ನಾವೆಲ್ಲ ವಿಡಿಯೊ ಕ್ಯಾಸೆಟ್ ತರುತ್ತಿದ್ದೆವು. ರಿವೈಂಡ್ ಮಾಡದೆ ವಾಪಸು ಕೊಟ್ಟರೆ ಸಾಲಿನಲ್ಲಿ ನಿಂತವರ ಮುಂದೆಯೇ ನಯವಾಗಿ ಮರ್ಯಾದೆ ತೆಗೆಯುತ್ತಿದ್ದರು. ಹೆಂಡತಿಯ ಸಂಗೀತ ಅವರಿಗೆ ಸೇರುತ್ತಿರಲಿಲ್ಲ ಎಂಬುದೂ ಎಲ್ಲರಿಗೂ ಗೊತ್ತಿದ್ದದ್ದೇ. ಮಿಕ್ಸಿಗೆ ಜಲ್ಲಿ ಹಾಕಿದ ಹಾಗೆ ಉಂಟು, ಎನ್ನುತ್ತಿದ್ದರು. ಒಂದು ಕಾರ್ಯಕ್ರಮಕ್ಕೂ ಹೋದವರಲ್ಲ.

ಅವರು ನಮಗೆ ಚಹಾ ಬಗ್ಗಿಸುತ್ತಿದ್ದಾಗ ಮಹಡಿಯ ಕೋಣೆಯಿಂದ ಸ್ಟೀಲ್ ಲೋಟಕ್ಕೆ ಚಮಚ ತಾಗಿಸಿದ ಸದ್ದು ಬಂತು. ಮೋನಪ್ಪ ಪಾತ್ರೆಯನ್ನು ಹಾಗೇ ಬಿಟ್ಟು, ಮಾತನ್ನು ಅರ್ಧಕ್ಕೇ ಬಿಟ್ಟು, ಮೇಲೆ ಓಡಿದರು. ಚಹಾ ಮೇಜಿನ ಮೇಲೆ ಹರಿಯಿತು. ನಾನು ಒರೆಸಿದೆ. ಶಾಂತವ್ವನವರು ಒರೆಸಲಿಲ್ಲ, ಸುಮ್ಮನೆ ಮೆಟ್ಟಿಲನ್ನೇ ನೋಡುತ್ತಿದ್ದರು.

ಬೇಸ್‌ಮೆಂಟಿನಲ್ಲಿ ಸರೋಜಿನಿಯವರ ಮೈಕು ಆಗಸ್ಟಿನಲ್ಲಿ ಇದ್ದಂತೆಯೇ ನಿಂತಿತ್ತು. ಅದನ್ನು ತೆಗೆಯುವ ಮನಸ್ಸು ಯಾರಿಗೂ ಬಂದಿರಲಿಲ್ಲ. ಯಂತ್ರದಲ್ಲಿ ಐದನೇ ಟ್ರ್ಯಾಕಿನ ರೆಕಾರ್ಡಿಂಗಿನ ಕೆಂಪು ದೀಪವೂ ಮರುದಿನದ ಆ ಒಂದು ಸಾಲಿಗಾಗಿ ಕಾಯುತ್ತಿದ್ದಂತೆ ಮಿನುಗುತ್ತಿತ್ತು. ಟೇಪನ್ನು ಡಬ್ಬಿಯಿಂದ ತೆಗೆದಾಗ ಹೇಗಿತ್ತು ಎಂದು ಶಾಂತವ್ವನವರು ಕೇಳಿದರು. ಕರಬಸಪ್ಪ ಯೋಚಿಸಿ, ಮೊದಲ ತುದಿ ಹೊರಗಿತ್ತು, ಹಾಕಿದ ಕೂಡಲೇ ಹಾಡು ಶುರುವಾಯಿತು ಎಂದರು. ಹೇಳುತ್ತಲೇ ಅವರ ಹುಬ್ಬು ಗಂಟಾಯಿತು. ಬ್ಯಾಂಡಿನವರು ಟೇಪನ್ನು ಹಿಂದಕ್ಕೆ ಸುತ್ತಿ ಇಡುವುದಿಲ್ಲವಂತೆ, ಕೊನೆಯ ತುದಿ ಹೊರಗಿರುವಂತೆಯೇ ಇಡುತ್ತಾರಂತೆ. ಹಾಗಿಟ್ಟರೆ ಟೇಪ್ ಕೆಡುವುದು ಕಡಿಮೆ.

ಶಾಂತವ್ವನವರು ಹೆಡ್‌ಫೋನನ್ನು ನನಗೆ ಕೊಟ್ಟರು. "ಐದನೇದೊಂದನ್ನ ಹಾಕ್ರಿ, ಕರಬಸಪ್ಪ. ನೀರಜಾ, ನೀ ಕೇಳು. ಸಣ್ಣ ಸಪ್ಪಳಕ್ಕೂ ಬೆಚ್ಚಿ ಬೀಳೋ ಕಿವಿ ನಿಂದು."

ಸರೋಜಿನಿಯವರ ದನಿ ಬಂತು. 'ಕಿಟಕಿ' ಎಂಬ ಪದದ 'ಕಿಟ' ಎಂಬಲ್ಲಿ ಹೋಯಿತು. ಆಮೇಲೆ ಬರೀ ಸುಯ್ ಎನ್ನುವ ಸದ್ದು. ವಾಲ್ಯೂಮ್ ಏರಿಸಿದಾಗ ಎಲ್ಲೋ ದೂರದಲ್ಲಿ ಲೋಹ ತಾಗಿದಂತೆ ಎರಡು ಸಲ, ಸ್ವಲ್ಪ ಬಿಟ್ಟು ಮತ್ತೆರಡು ಸಲ. ನಂತರ ಮರದ ಮೇಲೆ ಭಾರದ ಹೆಜ್ಜೆ. ಮನೆಯ ಪೈಪಿನ ಸದ್ದಿರಬೇಕೆಂದೆ.

"ಇರಬಹುದು," ಎಂದರು ಶಾಂತವ್ವನವರು. ಅವರ ಮುಖ ಸಪ್ಪಗಾಗಿತ್ತು. ಅಂದೇ ದತ್ತಾತ್ರೇಯನಿಗೆ ಫೋನ್ ಮಾಡಿ, ನಿನ್ನ ಮೇಲಿನ ಮಾತು ನಾನು ತೆಗೀತೀನಿ, ಬಾ ಎಂದರು.

ಆತ ಅಟ್ಲಾಂಟಾ ಪಕ್ಕದ ಜಾನ್ಸ್ ಕ್ರೀಕಿನಿಂದ ಹತ್ತು ತಾಸು ಕಾರು ಓಡಿಸಿಕೊಂಡು ಶನಿವಾರ ಬಂದ. ಮಧ್ಯಾಹ್ನ ಎಲ್ಲರೂ ಬೇಸ್‌ಮೆಂಟಿನಲ್ಲಿ ಸೇರಿದೆವು. ಸರೋಜಿನಿಯವರನ್ನು ಮೋನಪ್ಪ ಕೈಹಿಡಿದು ಇಳಿಸಿದರು. ಕುತ್ತಿಗೆಗೆ ನೀಲಿ ಸ್ಕಾರ್ಫ್, ಮಡಿಲಲ್ಲಿ ಬರೆಯುವ ಬಿಳಿ ಹಲಗೆ. ನಡೆದದ್ದನ್ನು ಶಾಂತವ್ವನವರೇ ಅವರಿಗೆ ಹೇಳಿದರು. ಸರೋಜಿನಿಯವರು ಕಣ್ಣು ಮುಚ್ಚಿಕೊಂಡರು. ದನಿಯಿಲ್ಲದವರ ಅಳುವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಹಾಳು ಮಾಡಬೇಕು ಅಂತ ಬಂದವರು ಹಾಡಿನ ಮೊದಲಿಂದ ಅಳಸ್ತಾರ," ಎಂದು ಶಾಂತವ್ವನವರು ಶುರುಮಾಡಿದರು. "ಇದು ಪದದ ನಡುವ ಕಡದೈತಿ. ಅಂದರ ಯಾರೋ ಕೂತು ಕೇಳಾಕತ್ತಿದ್ರು. ಕೇಳೋವಾಗ ಏನೋ ಆತು. ನಿಲ್ಲಸಾಕ ಹೋಗಿ ಪಕ್ಕದ ಕೆಂಪು ಗುಂಡಿ ಒತ್ತಿದ್ರು. ಟ್ರ್ಯಾಕು ತಯಾರಿತ್ತು, ಮೈಕೂ ತಯಾರಿತ್ತು. ಅಲ್ಲಿಂದ ಮುಂದ ಹಾಡು ಅಳಸಿ, ಈ ಖೋಲಿ ರೆಕಾರ್ಡ್ ಆತು."

ಆ ಖೋಲಿಯ ಸದ್ದನ್ನು ದೊಡ್ಡದು ಮಾಡಲು ದತ್ತಾತ್ರೇಯನಿಗೆ ಹೇಳಿದರು. ಆತ ಗುಂಡಿಗಳನ್ನು ತಿರುಗಿಸಿದ. ಸ್ಪೀಕರಿನಿಂದ ಟಣ್ ಟಣ್ ಎಂದಿತು. ಈಗ ಅದು ಪೈಪಿನಂತೆ ಕೇಳಲಿಲ್ಲ. ಸರೋಜಿನಿಯವರು ಕಣ್ಣು ತೆರೆದರು.

ಶಾಂತವ್ವನವರು ನಿಧಾನವಾಗಿ ವಿವರಿಸಿದರು. ಆಪರೇಷನ್ನಿಗೆ ಮೊದಲು ಈ ಮನೆಯಲ್ಲಿ ಚಮಚದಿಂದ ಕರೆಯುವ ಅಗತ್ಯವಿರಲಿಲ್ಲ. ಆಪರೇಷನ್ ಆದಮೇಲೆ ದತ್ತಾತ್ರೇಯ ಬಂದದ್ದು ಒಂದೇ ಸಲ, ಆಗ ಚಮಚ ಹಿಡಿಯುವವರು ಆಸ್ಪತ್ರೆಯಲ್ಲಿದ್ದರು. ಅಲ್ಲದೆ ಅವನಾಗಲಿ ಕರಬಸಪ್ಪನಾಗಲಿ ಟೇಪನ್ನು ಹಿಂದಕ್ಕೆ ಸುತ್ತಿಡುವವರಲ್ಲ. ನೋಡಿದ್ದನ್ನು ತಪ್ಪದೆ ರಿವೈಂಡ್ ಮಾಡಿ ಇಡುವ ಕೈ ಈ ಮನೆಯಲ್ಲಿ ಒಂದೇ. ಚಮಚ ಸದ್ದಾದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುವ ಕಾಲೂ ಅದೇ ಮನುಷ್ಯನದು.

ಸ್ಪೀಕರಿನಲ್ಲಿ ಮತ್ತೆ ಟಣ್ ಟಣ್. ಹೆಜ್ಜೆಗಳು. ಅವುಗಳ ಮೇಲೆ ತೀರ ಸಣ್ಣಗೆ, ಏದುಸಿರಿನ ಗಂಡಸಿನ ದನಿ: "ಬಂದೆ, ಬಂದೆ."

ಯಾರೂ ಮೋನಪ್ಪನವರ ಕಡೆ ನೋಡಲಿಲ್ಲ. ಅವರೇ ಮಾತಾಡಿದರು.

"ಅವಳು ಮಲಗಿದ ಮೇಲೆ ಮಧ್ಯಾಹ್ನ ಬಂದು ಕೇಳ್ತಿದ್ದೆ. ಒಂದು ಕಿವಿಗೆ ಮಾತ್ರ ಹೆಡ್‌ಫೋನ್. ಇನ್ನೊಂದು ಕಿವಿ ಮೇಲೆ ಬೇಕಲ್ಲ, ಅವಳು ಕರೆದರೆ?" ಯಂತ್ರದ ಕಡೆ ಕೈ ತೋರಿಸಿದರು. "ಆ ದಿನ ಗಂಜಿ ಕುಡಿಸಿ ಬರುವಾಗ ಟೇಪು ಮುಗಿದು ಪಟಪಟ ಹೊಡ್ಕೊಳ್ತಿತ್ತು. ಹಿಂದೆ ಸುತ್ತಿ ಕೇಳಿದೆ. ಇರ್ಲಿಲ್ಲ. ಹತ್ತು ದಿನ ಆಯ್ತು. ಹೇಗೆ ಹೇಳುವುದು, ಹೇಳಿ? ದತ್ತನಿಗೆ ಬೈದಾಗಲೂ ಬಾಯಿ ಬರ್ಲಿಲ್ಲ. ತಪ್ಪು ನಂದು, ಮಾರಾಯ."

ಸರೋಜಿನಿಯವರು ಹಲಗೆಯ ಮೇಲೆ ಬರೆದು ಗಂಡನಿಗೆ ತೋರಿಸಿದರು. 'ದಿನಾ ಕೇಳ್ತಿದ್ರಾ? ಮಿಕ್ಸಿ ಸಂಗೀತ?'

ಮೋನಪ್ಪ ಹೌದೆಂದು ತಲೆಯಾಡಿಸಿದರು. ಸರೋಜಿನಿಯವರು ಬಹಳ ಹೊತ್ತು ಅವರನ್ನೇ ನೋಡಿ, ಹಲಗೆ ಒರೆಸಿ, ಮತ್ತೆ ಬರೆದು ದತ್ತಾತ್ರೇಯನತ್ತ ತಿರುಗಿಸಿದರು. 'ಇದನ್ನೇ ಇಡಿ. ತಾಳ ಮಾತ್ರ ತಪ್ಪಿದೆ. ಬೇಕಾದರೆ ಚಮಚ ಇನ್ನೊಮ್ಮೆ ಬಾರಿಸ್ತೇನೆ.'

ದತ್ತಾತ್ರೇಯ ಮುಖ ಒರೆಸಿಕೊಂಡ. "ಬೇಡ, ಸರೋ. ನೀನು ಯಾವತ್ತು ಆನ್ ಟೈಮ್ ಬಂದಿದೀಯ? ನಾನೇ ಅಡ್ಜಸ್ಟ್ ಮಾಡ್ಕೋತೀನಿ." ಕರಬಸಪ್ಪ ಹೋಗಿ ಅವನ ಕೀಬೋರ್ಡನ್ನು ಕಾರಿನಿಂದ ತಂದರು.

"ಇಂಥಾದ್ದು ಪತ್ತೆ ಮಾಡಬಾರದಿತ್ತು ಅನಸ್ತದ," ಎಂದರು ಶಾಂತವ್ವನವರು, ಹಿಂದಿರುಗುವಾಗ ಕಾರಿನಲ್ಲಿ. ನಾನು ಹಾಗಲ್ಲ ಎಂದೆ. ಅಷ್ಟು ಖಚಿತವಾಗಿ ನಾನು ಏನನ್ನೂ ಹೇಳುವುದಿಲ್ಲ, ಆದರೂ ಹೇಳಿದೆ.

ಸರೋಜಿನಿಯವರು ಫೆಬ್ರವರಿಯಲ್ಲಿ ತೀರಿಕೊಂಡರು. ಆಲ್ಬಮ್ ಬಂದದ್ದು ಏಪ್ರಿಲಿನಲ್ಲಿ. ಅದನ್ನು ಕೊಡಲು ನಾವಿಬ್ಬರೂ ಸೆಂಟರ್‌ವಿಲ್‌ಗೆ ಹೋದಾಗ ಮೋನಪ್ಪ ನಮ್ಮನ್ನು ಕೂರಿಸಿ ಕೊನೆಯ ಹಾಡನ್ನು ಹಾಕಿದರು. ಅಂದು ಎರಡೂ ಕಿವಿಗೆ ಕೇಳುವಂತೆ ಸ್ಪೀಕರಿನಲ್ಲೇ ಹಾಕಿದರು. 'ಕಿಟ' ಎಂಬಲ್ಲಿ ದನಿ ನಿಂತಿತು. ಸಿಂಥಸೈಜರ್ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟಿತು. ಚಮಚದ ಸದ್ದು ಬಂತು.

ಮೋನಪ್ಪ ಕುರ್ಚಿಯಿಂದ ಎದ್ದು, ಮೆಟ್ಟಿಲ ಕಡೆಗೆ ಎರಡು ಹೆಜ್ಜೆ ಇಟ್ಟಾಗಿತ್ತು. ಆಗ ಸ್ಪೀಕರಿನಲ್ಲಿ ಅವರದೇ ದನಿ ಹೇಳಿತು, "ಬಂದೆ, ಬಂದೆ."