ಎಡಗಿವಿಯ ಪರೀಕ್ಷೆ

ನಾನು ಬಸ್ ಡ್ರೈವರ್. ನಮಗೆ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ. ನನ್ನ ಎಡಗಿವಿ ಪೂರ್ತಿ ಕೆಟ್ಟು ಆರು ತಿಂಗಳಾಗಿತ್ತು. ಸಿಕ್ಕಿಬಿದ್ದರೆ ಕೆಲಸ ಹೋದಂತೆಯೇ. ಗಾಜಿನ ಗೂಡಿನಲ್ಲಿ ಕೂತು, ಹೆಡ್‌ಫೋನಿನಲ್ಲಿ ಶಬ್ದ ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಬಲಗಿವಿಯದು ಸಲೀಸಾಗಿ ಮುಗಿಯಿತು. ಎಡದ ಸರದಿ ಬಂತು.

ಆಗ ಆ ಕೆಟ್ಟ ಕಿವಿಯೊಳಗೇ ಒಂದು ಹೆಣ್ಣುದನಿ ಪಿಸುಗುಟ್ಟಿತು. "ಈಗ ಒತ್ತು, ಚಿನ್ನು."

ಒತ್ತಿದೆ. ದನಿ ಹೇಳುತ್ತಾ ಹೋಯಿತು, ನಾನು ಒತ್ತುತ್ತಾ ಹೋದೆ. ಪ್ರತಿ ಸಲವೂ ಕಿವಿ ತಣ್ಣಗಾಗುತ್ತಿತ್ತು, ಯಾರೋ ಊದಿದ ಹಾಗೆ.

ಪಾಸಾದೆ. ಪರೀಕ್ಷೆ ಮಾಡಿದ ಮೇಡಂ ಕರುಣೆಯಿಂದ ಹೆಡ್‌ಫೋನಿನಲ್ಲಿ ಹೇಳಿಕೊಟ್ಟರೆಂದುಕೊಂಡೆ, ಆದರೂ 'ಚಿನ್ನು' ಅಂದದ್ದಕ್ಕೆ ಸಿಟ್ಟು ಬಂತು. ಕಟ್ಟಿಕೊಂಡ ಹೆಂಡತಿಯೇ ನನ್ನನ್ನು 'ರೀ' ಬಿಟ್ಟು ಬೇರೇನೂ ಕರೆದವಳಲ್ಲ! ಹೊರಬಂದು ಆ ದನಿಯನ್ನೇ ಅಣಕಿಸಿ ತೋರಿಸಿದೆ.

"ಗುರುತು ಪರಿಚಯ ಇಲ್ದೋರನ್ನ ಹಿಂಗಾ ಮೇಡಂ ಕರೆಯೋದು?"

ಅವರು ನಗಲಿಲ್ಲ. "ನಾನು ಮಾತೇ ಆಡಿಲ್ಲ ಕಣ್ರೀ. ಈ ಮಷೀನಲ್ಲಿ ಮೈಕೇ ಇಲ್ಲ."

ಮರುದಿನ, ತುಂಬಿದ ಬಸ್ಸು. ಶಾಲೆಯ ಮುಂದಿನ ತಿರುವಿನಲ್ಲಿ ಮಕ್ಕಳು ರಸ್ತೆ ದಾಟುತ್ತಿದ್ದರು, ಬ್ರೇಕಿನ ಮೇಲೆ ಕಾಲಿಟ್ಟೆ. ಎಡಗಿವಿ ತಣ್ಣಗಾಯಿತು.

"ಈಗ ಒತ್ತಬೇಡ, ಚಿನ್ನು."

ಒತ್ತಿಬಿಟ್ಟೆ. ಬಸ್ಸು ನಿಂತಿತು. ಅಂದಿನಿಂದ ನನ್ನ ಬಲಗಿವಿಯೂ ತಣ್ಣಗಿದೆ.