ತಿರುವಿನ ಗಡಿ, ನೇರ ಅಳತೆ

ಐದನೆಯ ಸಲವೂ ಗಡಿರೇಖೆ ಕೂಡಲಿಲ್ಲ. ಪರದೆಯ ಮೇಲೆ ಹಳೆಯ ಸರ್ವೆ ನಕ್ಷೆ. ಅದರ ಮೇಲೆ ಅವಳು ನಕ್ಷೆ ಬಿಡಿಸುವ ಕ್ಯಾಡ್ ತಂತ್ರಾಂಶದಲ್ಲಿ ಎಳೆದ ಕಮಾನು. ಕೊನೆಯ ಗಡಿಕಲ್ಲಿಗೆ ಇನ್ನೂ ಎರಡೂವರೆ ಅಡಿ ಬಾಕಿ!

'ತಿರುವಿನ ಉದ್ದ ಅರವತ್ತೆರಡು ಅಡಿ ಅಂತ ಬರೆದಿದೆಯಲ್ಲ... ಎಲ್ಲಿ ಎಡವಿದೆ?'

"ಅದು ತಿರುವಿನ ಉದ್ದ ಅಲ್ಲ."

ಬೆನ್ನ ಹಿಂದಿನ ದನಿಗೆ ಅವಳ ಕೈ ಮೌಸಿನ ಮೇಲೆಯೇ ನಿಂತಿತು. ಮೂರು ವಾರದಿಂದ ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದ ಸರ್ವೇಯರ್!

"ಆಗಿನವರು ಕಲ್ಲಿಂದ ಕಲ್ಲಿಗೆ ಅಳತೆ ಸರಪಳಿ ನೇರವಾಗಿ ಎಳೀತಿದ್ರು. ಅಂಕಿ ಮಾತ್ರ ತಿರುವಿನ ಪಕ್ಕ ಬರೀತಿದ್ರು. ನೇರ ಅಳತೆ ಅಂತ ಹಾಕಿ ನೋಡಿ."

ಹಾಕಿದಳು. ರೇಖೆ ಕಲ್ಲಿಗೇ ಹೋಗಿ ಕೂತಿತು.

ಖುಷಿಯಾಗಬೇಕಿತ್ತು, ಆದರೆ ಇನ್ನೊಂದು ನಕ್ಷೆ ನೆನಪಾಯಿತು. ಹೋದ ತಿಂಗಳ ನಕ್ಷೆಯಲ್ಲೂ ಅಂಕಿಯನ್ನು ತಿರುವಿನ ಉದ್ದವೆಂದೇ ಎಳೆದಿದ್ದಳು! ಯಾರದೋ ಕಾಂಪೌಂಡ್ ಗೋಡೆ ಪಕ್ಕದವರ ಜಾಗದಲ್ಲಿ ಎದ್ದು ರಾದ್ಧಾಂತವಾಗಿತ್ತು. ಸರ್ವೇಯರ್ ಅಳತೆಯೇ ತಪ್ಪಂತೆ ಎಂದಿದ್ದರು ಕಚೇರಿಯಲ್ಲಿ. ಅವಳೂ ನಂಬಿ, ಎಲ್ಲರೆದುರು, "ಅಳೆಯೋಕೂ ಬರಲ್ವಾ?" ಎಂದು ಅವನನ್ನು ಹಂಗಿಸಿದ್ದಳು.

"ಅವತ್ತಿನ ತಪ್ಪು... ನಂದಾ?"

ಅವನು ಕಿಟಕಿಯತ್ತ ನೋಡಿದ.

ಪಕ್ಕದ ಮೇಜಿನ ಅಕ್ಕ ಕನ್ನಡಕ ತೆಗೆದರು. "ಇನ್ನು ತಡ್ಕೊಳ್ಳೋಕಾಗಲ್ಲಮ್ಮ. ತಪ್ಪು ಅಳತೆ ಕೊಟ್ಟಿದ್ದು ನಾನೇ ಅಂತ ಇವ್ನೇ ಸಾಹೇಬ್ರಿಗೆ ಬರ್ಕೊಟ್ಟ, ಪುಣ್ಯಾತ್ಮ! ಆ ಕಾಗದ ಫೈಲಿಗೆ ಹಾಕಿದ್ದೇ ನಾನು. ಅದಕ್ಕೇ ಸೋಮವಾರದಿಂದ ದೂರದ ಶಾಖೆಗೆ ಎತ್ತಂಗಡಿ."

"ಅಕ್ಕಾ, ಟೀ ಕುಡ್ಕೊಂಡು ಬನ್ನಿ," ಎಂದ ಅವನು.

"ಈಗ್ತಾನೆ ಕುಡಿದೆ. ಆದ್ರೂ ಹೋಗ್ತೀನಿ ಬಿಡಪ್ಪ," ಎಂದು ಅಕ್ಕ ಎದ್ದರು.

ಅಳುವಿಗಿಂತ ಮೊದಲು ಅವಳಿಗೆ ಸಿಟ್ಟು ಬಂತು. "ನನ್ನ ಒಂದು ಮಾತು ಕೇಳ್ದೆ ಯಾಕೆ ಮಾಡಿದ್ರಿ?"

"ನೀವಿನ್ನೂ ಕಾಯಂ ಆಗಿಲ್ಲ. ಕೆಲಸ ಹೋಗ್ತಿತ್ತು. ನೀವಿಲ್ಲದಿದ್ರೆ... ಬಿಸಿಲಲ್ಲಿ ಅಳೆದು ನಾನು ಓಡೋಡಿ ಬರೋದು ಯಾರನ್ನ ನೋಡೋಕೆ?"

'ಇದನ್ನ ಹೇಳೋಕೆ ಊರು ಬಿಡೋ ತನಕ ಕಾಯ್ಬೇಕಿತ್ತಾ!'

"ಅಷ್ಟು ಬೈದ್ರೂ ಸುಮ್ನಿದ್ರಲ್ಲ..."

"ಬೈಯೋಕಾದ್ರೂ ಮಾತಾಡಿದ್ರಲ್ಲ."

ನಗು ಬಂದು ಕಣ್ಣು ತುಂಬಿತು. "ಹೋಗಬೇಡಿ."

"ಅದು ನನ್ನ ಕೈಲಿದೆಯಾ?" ಎಂದ ಮೆಲ್ಲಗೆ. ಹೊರಗೆ ಯಾರೋ ಕರೆದರೆಂದು ಹೋದ.

ಅವಳು ಕಡತ ಬಿಚ್ಚಿ ಹೋದ ತಿಂಗಳ ನಕ್ಷೆಯ ಪ್ರತಿ ತೆಗೆದಳು. ತಿರುವಿನ ಪಕ್ಕ, ತನ್ನಿಂದಲೇ ಆದ ತಪ್ಪನ್ನು ಕೈಬರಹದಲ್ಲಿ ಬರೆದು, ಕೆಳಗೆ ಸಹಿ ಹಾಕಿದಳು. ಕೆಲಸ ಹೋದರೆ ಹೋಗಲಿ... ನಾಳೆ ಸಾಹೇಬರು ಕುರ್ಚಿಯಲ್ಲಿ ಕೂರುವ ಮೊದಲೇ ಇದು ಅವರ ಮೇಜಿನ ಮೇಲಿರಬೇಕು.

"ಏನಮ್ಮ ಅದು?" ಮರಳಿ ಬಂದ ಅಕ್ಕ ಇಣುಕಿದರು.

"ಏನಿಲ್ಲ ಅಕ್ಕ," ಎಂದು ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡಳು.