ಭಟ್ಟಿಯಿಂದ ಮಾಯವಾದ ಲೋಟ

"ಅವಳೇ ಕದ್ದಿರೋದು ಆಂಟಿ. ಎಲ್ಲರ ಮುಂದೆ ಹಾಗಂದುಬಿಟ್ಟೆ. ಈಗ ಅವಳು ಬ್ಯಾಗ್ ಕಟ್ತಿದಾಳೆ, ಮಧ್ಯಾಹ್ನದ ಬಸ್ಸಿಗೆ ಹೋಗ್ತಾಳಂತೆ. ನಂಗೆ ಏನೂ ತೋಚ್ತಿಲ್ಲ."

ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತು ಅತ್ತಿಗೆಯ ಮುಂದೆ ಅಳುತ್ತಿದ್ದ ಈ ಹುಡುಗಿಯನ್ನು ಅವಳ ಕೂದಲಿನಿಂದಾಗಿ ಎಲ್ಲರೂ ಗುಂಗುರು ಎನ್ನುತ್ತಿದ್ದರು. ಬೇಸಿಗೆ ರಜೆಯಲ್ಲಿ ಪಕ್ಕದ ಬೀದಿಯ ಮಡಕೆ ಕಾರ್ಖಾನೆಗೆ ಕೆಲಸ ಕಲಿಯಲು ಬಂದಿದ್ದಳು. ಅಳುವವರನ್ನು ಕಂಡರೆ ನನಗಾಗದು.

"ಕದ್ದಿದ್ದು ಅವಳಾದ್ರೆ ನೀನ್ಯಾಕೆ ಅಳ್ತೀಯಾ?" ಎಂದು ಗದರಿದೆ.

"ನೀನು ಸ್ವಲ್ಪ ಸುಮ್ನಿರಪ್ಪ," ಎಂದರು ಅತ್ತಿಗೆ. ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ನಮ್ಮ ಮಹಡಿಯ ಮೇಲಿದ್ದ ಅವರ ಬಳಿಗೆ ಬೀದಿಯವರೆಲ್ಲ ತಮ್ಮ ಸಿಕ್ಕು ಬಿಡಿಸಿಕೊಳ್ಳಲು ಬರುತ್ತಿದ್ದರು. ಅವರ ಬೆನ್ನ ಹಿಂದೆ ಓಡಾಡುವುದು ನನ್ನ ಪಾಲಿನ ಕೆಲಸ.

ಗುಂಗುರು ಬಿಕ್ಕುತ್ತಲೇ ಹೇಳಿದಳು. ಕಾರ್ಖಾನೆಯಲ್ಲಿ ಮಣ್ಣು ಹೊರುವ ಹುಡುಗನೊಬ್ಬನಿದ್ದ, ಎಲ್ಲರ ಬಾಯಲ್ಲೂ ಹೀರೋ. ಅವನಿಗಾಗಿ ಅವಳು ಗುಟ್ಟಾಗಿ ಒಂದು ಲೋಟ ಮಾಡಿದ್ದಳು.

"ಯಜಮಾನರ ಹೊಸ ಬಣ್ಣ. ಬಳಿಯುವಾಗ ಗುಲಾಬಿ, ಬೆಂದರೆ ನೀಲಿ ಆಗುತ್ತಂತೆ. ಅದನ್ನ ನಂಗೊಬ್ಬಳಿಗೇ ಹೇಳಿದ್ರು. ಹೀರೋ ಕಪಾಟಿನಲ್ಲಿ ನೋಡಿ, ಈ ಗುಲಾಬಿ ಲೋಟದಲ್ಲಿ ಯಾರು ಕುಡೀತಾರೆ ಅಂತ ನಕ್ಕ. ಬೇಜಾರಾಗಿ ನಾನು ಯಾರಿಗೂ ಏನೂ ಹೇಳಲಿಲ್ಲ. ಸುಡೋ ಭಟ್ಟಿಯೊಳಗೆ ಪಾತ್ರೆ ಇಟ್ಟವಳು ಕಡ್ಡಿ. ಇವತ್ತು ಬಾಗಿಲು ತೆಗೆದರೆ ಲೋಟಾನೇ ಇಲ್ಲ. ಅವಳಿಗೂ ಅವನ ಮೇಲೆ ಮನಸ್ಸಿದೆ, ನಂಗೊತ್ತು."

ಕಡ್ಡಿ ಎಂದರೆ ಅವಳ ಜೊತೆಗೇ ಕೆಲಸ ಕಲಿಯಲು ಬಂದಿದ್ದ ಪ್ರಾಣದ ಗೆಳತಿ.

ನಾವು ಕಾರ್ಖಾನೆಗೆ ಹೋದಾಗ ಯಜಮಾನರು ಬುಸುಗುಡುತ್ತಿದ್ದರು. "ಲೋಟ ಹಾಳಾಗ್ಲಿ. ಭಟ್ಟಿಯ ಮೇಲಿನ ಸಾಲಿನ ಬಟ್ಟಲುಗಳನ್ನ ನೋಡಿ, ಒಂದೊಂದರಲ್ಲೂ ಕೂದಲೆಳೆಯಂಥ ಬಿರುಕು."

ಕಡ್ಡಿ ಬ್ಯಾಗು ಹೊತ್ತು ಬಾಗಿಲಲ್ಲಿ ನಿಂತಿದ್ದಳು. "ಲೋಟಾನ ಭಟ್ಟಿಯೊಳಗೆ ಇಟ್ಟಿದ್ದೀನಿ ಅಂದ್ರೆ ಇಟ್ಟಿದ್ದೀನಿ. ನಂಬೋರು ನಂಬ್ಲಿ," ಎಂದಳು. ಅವಳ ಮುಖ ನೋಡಿದರೆ ಅವಳು ಹೇಳುವುದೇ ನಿಜ ಎನ್ನಿಸಿತು. ಗುಂಗುರುವಿನ ಮುಖ ನೋಡಿದರೆ ಅದೂ ನಿಜ ಎನ್ನಿಸಿತು. ನನ್ನ ತಲೆ ಕೆಟ್ಟು ಗೊಬ್ಬರವಾಯಿತು.

ಹೀರೋ ಸಮಾಧಾನಕ್ಕೆ ಬಂದ. "ಒಂದು ನೀಲಿ ಲೋಟಕ್ಕೆ ಇಷ್ಟೆಲ್ಲ ಜಗಳ ಯಾಕ್ರಪ್ಪ? ಇನ್ನೊಂದು ಮಾಡಿದ್ರಾಯ್ತು."

ಅತ್ತಿಗೆ ಅವನನ್ನೇ ಒಂದು ಗಳಿಗೆ ನೋಡಿ, ಎಲ್ಲರನ್ನೂ ಭಟ್ಟಿಯ ಸುತ್ತ ಕರೆದರು.

"ಯಜಮಾನ್ರೇ, ಬಟ್ಟಲು ಯಾಕೆ ಬಿರುಕು ಬಿಟ್ಟವು?"

"ಬಿಸಿ ಆರೋ ಮುಂಚೆ ಬಾಗಿಲು ತೆಗೆದ್ರೆ ತಣ್ಣಗಿನ ಗಾಳಿ ಬಡಿದು ಹಾಗಾಗುತ್ತೆ. ಆದ್ರೆ ತೆಗೆದೋರು ಯಾರು?"

"ಕಡ್ಡಿ ತೆಗೆಯಲ್ಲ. ಭಟ್ಟಿ ಕೆಲಸ ಕಲಿತವಳು, ಕೆಡುತ್ತೆ ಅಂತ ಅವಳಿಗೆ ಗೊತ್ತು. ಗುಂಗುರುಗೂ ಗೊತ್ತು. ಗೊತ್ತಿಲ್ಲದೆ ಇರೋನು ಮಣ್ಣು ಹೊರೋ ಇವನೊಬ್ಬ." ಅತ್ತಿಗೆ ಹೀರೋನ ಕಡೆ ತಿರುಗಿದರು. "ನೀನು ಕಪಾಟಿನಲ್ಲಿ ನೋಡಿದ್ದು ಗುಲಾಬಿ ಲೋಟ. ಈಗ ನೀಲಿ ಅಂದೆ. ಯಜಮಾನ್ರೇ, ನೀಲಿ ಆಗೋ ವಿಷಯ ಬೇರೆ ಯಾರಿಗಾದ್ರೂ ಹೇಳಿದ್ರಾ?"

"ಇಲ್ಲವೇ ಇಲ್ಲ."

"ಅಂದ್ಮೇಲೆ ಲೋಟ ಭಟ್ಟಿಗೆ ಹೋಗಿತ್ತು. ಅಲ್ಲಿಗೆ ಕಡ್ಡಿಯ ಮಾತು ನಿಜ. ಬೆಂದ ಮೇಲೆ ಅದನ್ನ ನೋಡಿದೋನು ನೀನು. ಎಲ್ಲಿಟ್ಟಿದೀಯಾ?"

ಹೀರೋ ನೆಲ ನೋಡಿದ. "ಅದು ನಂಗೇ ಅಂತ ಆಮೇಲೆ ಅಂದಾಜಾಯ್ತು. ನಕ್ಕಿದ್ದಕ್ಕೆ ಬೇಜಾರಾಗಿ, ಹೇಗೆ ಬಂದಿದೆ ನೋಡೋಣ ಅಂತ ಬಾಗಿಲು ತೆಗೆದೆ. ಇಕ್ಕಳದಲ್ಲಿ ಹಿಡಿದು ಹೊರಗಿಟ್ಟೆ, ಟಣ್ ಅಂತ ಎರಡು ಹೋಳಾಯ್ತು. ಮಣ್ಣಿನ ರಾಶಿಯೊಳಗೆ ಹೂತಿದ್ದೀನಿ."

"ಅವಳ ಮೇಲೆ ಕಳ್ಳತನ ಹೊರಿಸ್ತಿದ್ರೂ ಬಾಯಿ ಬಿಡಲಿಲ್ವಲ್ಲೋ!" ನಾನು ಅವನ ಕೊರಳಪಟ್ಟಿಗೆ ಕೈ ಹಾಕಿದೆ. ಅತ್ತಿಗೆ ಬಿಡಿಸಿದರು.

ಗುಂಗುರು ಅವನತ್ತ ನೋಡಲೂ ಇಲ್ಲ. ನೇರ ಕಡ್ಡಿಯ ಮುಂದೆ ಹೋಗಿ ನಿಂತಳು.

"ನನ್ನ ಜೊತೆ ಮಾತಾಡ್ತೀಯಾ?"

"ಇವತ್ತು ಆಗಲ್ಲ. ನಾಳೆ ಕೇಳು," ಎಂದು ಕಡ್ಡಿ ಒಳಗೆ ನಡೆದಳು.

ನನಗೆ ತಲೆಬುಡ ತಿಳಿಯಲಿಲ್ಲ. "ಏನಮ್ಮಾ, ಹಾಗಾದ್ರೆ ಮಧ್ಯಾಹ್ನದ ಬಸ್ಸು?" ಎಂದು ಕೂಗಿದೆ.

ಅವಳು ಬ್ಯಾಗನ್ನು ಬೆಂಚಿನ ಮೇಲೆ ಎಸೆದು ನನ್ನನ್ನೇ ದುರುಗುಟ್ಟಿ ನೋಡಿದಳು.

"ಯಾವ ಬಸ್ಸು?"